ಪುದೂರಿನ ನಾಲ್ಕನೆಯ ಹೆಸರು

ಹೋದ ತಿಂಗಳು ಚಿತ್ರದುರ್ಗದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಪಡಸಾಲೆಯಲ್ಲಿ ಹಳೆಯ ಪೇಪರು ಹಾಸಿಕೊಂಡು ಹಿತ್ತಾಳೆಯ ದೀಪದ ಕಂಬಗಳನ್ನು ಉಜ್ಜುತ್ತ ಕೂತಿದ್ದಳು. ಡಬ್ಬಿಯಿಂದ ಪಾಲಿಶನ್ನು ಬಟ್ಟೆಗೆ ಸುರಿದುಕೊಂಡಾಗ ಸೀಮೆಎಣ್ಣೆಗೆ ಸುಣ್ಣ ಕಲಸಿದಂಥ ಒಂದು ವಾಸನೆ ಬಂತು. ನಾನು ಆಡುತ್ತಿದ್ದ ಮಾತು ಅರ್ಧಕ್ಕೆ ನಿಂತಿತು.

"ಏನಾಯ್ತೇ?" ಅಂದಳು ಅಕ್ಕ.

"ಏನಿಲ್ಲ, ಪುದೂರು ನೆನಪಾಯ್ತು."

ಕೊಯಮತ್ತೂರಿನ ಸುತ್ತ ಪುದೂರು ಎಂಬ ಹೆಸರಿನ ಊರುಗಳು ಎಷ್ಟಿವೆಯೋ, ಅಲ್ಲಿಯವರಿಗೇ ಸರಿಯಾಗಿ ಗೊತ್ತಿರಲಾರದು. ನಾನು ಹೇಳುತ್ತಿರುವುದು ಕರುಮತ್ತಂಪಟ್ಟಿಯ ಹೆದ್ದಾರಿಯಿಂದ ಮೂರು ಕಿಲೋಮೀಟರ್ ಒಳಗಿದ್ದ ಪುದೂರು. 2005ರ ಆಷಾಢದಿಂದ ಮುಂದಿನ ವರ್ಷದ ಬೇಸಿಗೆಯವರೆಗೆ ನಾನು ಅಲ್ಲಿದ್ದೆ.

ಆಗ ನನಗೆ ಇಪ್ಪತ್ತಾರು. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಬಟ್ಟೆಯ ಗುಣಮಟ್ಟ ನೋಡುವ ಕೆಲಸ ಸಿಕ್ಕಿತ್ತು. ಹೊರದೇಶಕ್ಕೆ ಹೋಗುವ ಟೀ ಷರ್ಟುಗಳನ್ನು ಬೆಳಕಿಗೆ ಹಿಡಿದು ಹೊಲಿಗೆ ತಪ್ಪಿದೆಯೇ, ಎಣ್ಣೆಯ ಕಲೆ ಇದೆಯೇ ಎಂದು ನೋಡುವುದು. ತಿರುಪ್ಪೂರಿನಲ್ಲಿ ಒಬ್ಬಂಟಿ ಹುಡುಗಿಗೆ ಒಳ್ಳೆಯ ರೂಮು ಸಿಗಲಿಲ್ಲ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವಳೊಬ್ಬಳು, "ಪುದೂರಿನಲ್ಲಿ ಕನ್ನಡ ಮಾತಾಡೋ ಮನೆ ಇದೆ, ಮಹಡಿ ಮೇಲೆ ಒಂದು ಕೋಣೆ ಖಾಲಿ ಇದೆ, ಕಂಪನಿ ವ್ಯಾನು ಹೆದ್ದಾರಿವರೆಗೂ ಬರುತ್ತೆ" ಅಂದಳು. ಕನ್ನಡ ಎಂದ ಕೂಡಲೇ ನಾನು ಬೇರೇನೂ ಕೇಳಲಿಲ್ಲ.

ಮನೆ ತಿಮ್ಮೇಗೌಡರದು. ಅವರ ಹಿರಿಯರು ಯಾವ ಕಾಲದಲ್ಲೋ ಘಟ್ಟ ಇಳಿದು ಬಂದು ಅಲ್ಲಿ ಹೊಲ ಮಾಡಿದವರು. ಗೌಡರ ಕಾಲಕ್ಕೆ ಬಾವಿ ಬತ್ತಿ, ಹೊಲದ ಒಂದು ಮೂಲೆಯಲ್ಲಿ ಶೆಡ್ಡು ಎದ್ದು, ಅದರೊಳಗೆ ಎಂಟು ವಿದ್ಯುತ್ ಮಗ್ಗಗಳು ಬಂದಿದ್ದವು. ಗೌಡರಿಗೆ ಅರವತ್ತರ ಹತ್ತಿರ ವಯಸ್ಸು, ಮಾತು ಕಡಿಮೆ. ಅವರ ಹೆಂಡತಿ ನಂಜಮ್ಮನವರಿಗೆ ಐವತ್ತು ದಾಟಿತ್ತು. ಒಬ್ಬಳೇ ಮಗಳು, ಮದುವೆಯಾಗಿ ಪಲ್ಲಡದಲ್ಲಿದ್ದಳು. ನಾನು ಹೋದ ದಿನ ನಂಜಮ್ಮನವರು ನನ್ನ ಮಾತನ್ನು ತಲೆ ಒಂದು ಕಡೆಗೆ ವಾಲಿಸಿ ಕೇಳಿ ನಕ್ಕರು.

"ನಿಂದು ರೇಡಿಯಾ ಕನ್ನಡ ಕಣ್ಣು. ನಮ್ಮದು ತಮಿಳೂ ಕನ್ನಡಾನೂ ಸೇರ್ಸಿ ಅರೆದದ್ದು. ಪರವಾಯಿಲ್ಲ, ಹಸಿವು ಅಂದ್ರೆ ಎರಡಕ್ಕೂ ತಿಳೀತದೆ. ಕುಂತ್ಕೊ, ಸಾಪಾಡು ಹಾಕ್ತೀನಿ."

ಕಣ್ಣು ಎಂದದ್ದು ನನ್ನನ್ನು, ತಮಿಳಿನವರು ಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ. ಆ ಮನೆಯಲ್ಲಿ ಕನ್ನಡ ಮಾತಾಡುವವರಿದ್ದರು, ಕನ್ನಡ ಓದುವವರು ಇರಲಿಲ್ಲ. ಗೌಡರು ಓದುತ್ತಿದ್ದುದು ತಮಿಳು ಪೇಪರು. ನಂಜಮ್ಮನವರಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ನಾನು ಊರಿಂದ ತಂದ ವಾರಪತ್ರಿಕೆಯನ್ನು ಮೆಟ್ಟಿಲ ಮೇಲೆ ಕೂತು ಓದುತ್ತಿದ್ದರೆ ಅವರು ಹತ್ತಿರ ಬಂದು ಪುಟವನ್ನು ಒಂದು ಕ್ಷಣ ನೋಡಿ ಸುಮ್ಮನೆ ಹೋಗುತ್ತಿದ್ದರು. ನಾನು ಅದಕ್ಕೆ ಹೆಚ್ಚು ಅರ್ಥ ಕೊಡಲಿಲ್ಲ.

ಆಷಾಢದ ಗಾಳಿ ಅಲ್ಲಿ ಬೇರೆಯದೇ. ಪಾಲಕ್ಕಾಡಿನ ಕಡೆಯಿಂದ ಬೆಟ್ಟದ ಸಂದಿನಲ್ಲಿ ನುಗ್ಗಿ ಬರುತ್ತದೆ. ಮಳೆ ಸುರಿಸುವುದಿಲ್ಲ, ತಂಪು ಹೊತ್ತುಕೊಂಡು ಇಡೀ ದಿನ ಬೀಸುತ್ತದೆ. ಒಣ ಹಾಕಿದ ಸೀರೆಗೆ ನಾಲ್ಕು ಕಡೆ ಗಂಟು ಹಾಕಬೇಕು. ತೆಂಗಿನ ಗರಿಗಳು ಒಂದೇ ದಿಕ್ಕಿಗೆ ಬಾಗಿ ನಿಂತಿರುತ್ತವೆ. ಗಾಳಿಯ ಸದ್ದಿನ ಕೆಳಗೆ ಮಗ್ಗಗಳ ಸದ್ದು, ಊರಿನ ಪ್ರತಿ ಬೀದಿಯಲ್ಲೂ. ಮೊದಲ ವಾರ ನನಗೆ ತಲೆ ಸಿಡಿಯುತ್ತಿತ್ತು. ಆಮೇಲೆ ಕರೆಂಟು ಹೋಗಿ ಮಗ್ಗ ನಿಂತರೆ ಏನೋ ಕಳೆದುಹೋದ ಹಾಗೆ ಅನ್ನಿಸತೊಡಗಿತು. ಶೆಡ್ಡಿನಲ್ಲಿ ಗಂಡ ಹೆಂಡತಿ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಎರಡು ಬೆರಳು ಎತ್ತಿದರೆ ಕಾಫಿ, ಅಂಗೈ ಕೆನ್ನೆಗೆ ಒತ್ತಿದರೆ ಸ್ವಲ್ಪ ಹೊತ್ತು ಮಲಗು ಎಂದು. ಮೂವತ್ತು ವರ್ಷ ಒಟ್ಟಿಗೆ ಮಗ್ಗ ಓಡಿಸಿದವರಿಗೆ ಅಷ್ಟು ಸಾಕಾಗುತ್ತಿತ್ತು.

ಸುಬೇದಾರ್ ಪಳನಿಸ್ವಾಮಿಯವರ ಪರಿಚಯವಾದದ್ದು ಆ ಗಾಳಿಯಲ್ಲೇ. ಬಸ್ ನಿಲ್ಲುವ ಜಾಗಕ್ಕೆ ಎದುರಾಗಿ ಅವರ ಮನೆಯ ಜಗಲಿ. ಸೈನ್ಯದಿಂದ ನಿವೃತ್ತರಾಗಿ ಬಂದವರು. ಪ್ರತಿ ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಟವೆಲ್ ಹಾಸಿ ತಮ್ಮ ಪದಕಗಳನ್ನೂ ಬೆಲ್ಟಿನ ಹಿತ್ತಾಳೆಯನ್ನೂ ಪಾಲಿಶ್ ಮಾಡುತ್ತಿದ್ದರು. ಆ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಒಂದು ಭಾನುವಾರ ನನ್ನನ್ನು ಕರೆದು, ಕಂಪನಿಯಲ್ಲಿ ನಾನು ಕಲಿತಿದ್ದಷ್ಟು ತಮಿಳಿಗೆ ಎಟುಕುವಂತೆ ನಿಧಾನವಾಗಿ ಕೇಳಿದರು, "ಅಮ್ಮಿಣಿ, ನೀನು ಇಂಗ್ಲಿಷ್ ಬರೀತೀಯಂತೆ. ನನಗೆ ಹಿಂದಿ ಬರುತ್ತೆ, ಬೈಗುಳ ಸಹಿತ ಬರುತ್ತೆ. ಆದರೆ ಕಚೇರಿಗೆ ಬರೆಯೋಕೆ ಇಂಗ್ಲಿಷೇ ಬೇಕು. ಒಂದು ಉಪಕಾರ ಮಾಡ್ತೀಯಾ?"

ಅಮ್ಮಿಣಿ ಎಂದರೆ ಆ ಸೀಮೆಯಲ್ಲಿ ಪ್ರೀತಿಯಿಂದ ಹುಡುಗಿಯರನ್ನು ಕರೆಯುವ ಮಾತು. ಆ ಮಾತಿಗೇ ನಾನು ಒಪ್ಪಿದೆ ಅನ್ನಿಸುತ್ತದೆ.

ಪುದೂರಿನಿಂದ ಸೈನ್ಯಕ್ಕೆ ಹೋಗಿ ಯುದ್ಧದಲ್ಲಿ ತೀರಿಕೊಂಡವರು ನಾಲ್ಕು ಜನ. ಊರಿನಲ್ಲಿ ಅವರ ಗುರುತು ಎಲ್ಲೂ ಇರಲಿಲ್ಲ. ಶಾಲೆಯ ಮುಂದೆ ಒಂದು ಕಲ್ಲು ನಿಲ್ಲಿಸಿ ನಾಲ್ವರ ಹೆಸರು ಕೆತ್ತಿಸಬೇಕು, ಮುಂದಿನ ಗಣರಾಜ್ಯೋತ್ಸವಕ್ಕೆ ಅದು ಆಗಿಬಿಡಬೇಕು ಎಂಬುದು ಸುಬೇದಾರರ ಆಸೆ. ಹೆಸರು, ನಂಬರು, ಸತ್ತ ದಿನ ಎಲ್ಲ ಸರಿಯಾಗಿರಬೇಕು. ಅದಕ್ಕೆ ದಾಖಲೆ ಕಚೇರಿಗಳಿಗೆ ಬರೆಯಬೇಕಿತ್ತು.

"ಇಷ್ಟು ವರ್ಷ ಬಿಟ್ಟು ಈಗ ಯಾಕೆ ಸಾರ್?" ಎಂದು ಕೇಳಿದೆ.

ಅವರು ಬಲ ಮೊಣಕಾಲು ಒತ್ತಿಕೊಂಡರು. "ನಾಲ್ಕನೇ ಹೆಸರು ಮಾರಪ್ಪ. ಅವನೂ ನಾನೂ ಕೊಯಮತ್ತೂರಿಗೆ ಒಂದೇ ಲಾರಿ ಹತ್ತಿ ಹೋಗಿ ಭರ್ತಿಯಾದೆವು. ಅವನನ್ನು ಒಂದು ಸಾಲಿಗೆ ನಿಲ್ಲಿಸಿದರು, ನನ್ನನ್ನು ಇನ್ನೊಂದು ಸಾಲಿಗೆ. ಅವನ ಸಾಲಿನಲ್ಲಿ ನಿಂತಿದ್ದರೆ ನಾನೂ ಇರುತ್ತಿರಲಿಲ್ಲ. ಈ ಕಾಲು ನಡೆಯುವಷ್ಟರಲ್ಲಿ ಈ ಕೆಲಸ ಮುಗಿಸಬೇಕು, ಅಷ್ಟೆ."

ಹಾಗೆ ನನ್ನ ಭಾನುವಾರಗಳು ಶುರುವಾದವು. ಸುಬೇದಾರರ ಮೊಪೆಡ್ಡಿನ ಹಿಂದೆ ಕೂತು ಮನೆಮನೆಗೆ ಹೋಗುವುದು, ಹೇಳಿದ್ದನ್ನು ಬರೆದುಕೊಳ್ಳುವುದು. ಹೊರಡುವ ಮೊದಲು ನಂಜಮ್ಮನವರು ತಟ್ಟೆಗೆ ಇಡ್ಲಿ ಹಾಕಿ ಮುಂದೆ ಇಡುತ್ತಿದ್ದರು. "ತಿಂದ್ಕೊಂಡು ಹೋಗು. ಆ ಮಿಲಿಟರಿಯೋರು ಊರೆಲ್ಲ ಸುತ್ತಿಸ್ತಾರೆ, ಹೊಟ್ಟೆಗೆ ಏನೂ ಕೊಡಲ್ಲ." ಎಲ್ಲಿಗೆ, ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ.

ಮೊದಲನೆಯವರು ರಾಮಸ್ವಾಮಿ. ಬ್ರಿಟಿಷರ ಕಾಲದಲ್ಲಿ ಬರ್ಮಾಕ್ಕೆ ಹೋದವರು ಬರಲಿಲ್ಲ. ಅವರ ತಮ್ಮನ ಮೊಮ್ಮಗನ ಟೀ ಅಂಗಡಿಯಿತ್ತು. ಅವನಿಗೆ ಗೊತ್ತಿದ್ದುದು ಒಂದೇ ಸಂಗತಿ: ಅಜ್ಜನ ಅಣ್ಣ ಹೊರಡುವ ದಿನ ನೆಟ್ಟ ಹುಣಸೆ ಮರ ರಸ್ತೆ ಅಗಲ ಮಾಡುವಾಗ ಹೋಯಿತು. ಎರಡನೆಯವರು ಅಂತೋಣಿ, ಚೀನಾ ಯುದ್ಧದಲ್ಲಿ ಹಿಮದ ನಡುವೆ ತೀರಿಕೊಂಡವರು. ಅವರ ತಂಗಿ ಚರ್ಚಿನ ಬೀದಿಯಲ್ಲಿ ಹೂ ಕಟ್ಟುತ್ತಿದ್ದರು. ನಮ್ಮನ್ನು ಕೂರಿಸಿ, ಕೈಯ ಕೆಲಸ ನಿಲ್ಲಿಸದೆಯೇ ಹೇಳಿದರು.

"ಹಿಮ ಹೆಂಗಿರುತ್ತೆ ಅಂತ ನಾನು ಕೇಳಿ ಬರೆಸಿದ್ದೆ. ಅಣ್ಣ ಉತ್ತರ ಬರೆದಿದ್ದ, ಹತ್ತಿ ಗಿರಣಿಯಲ್ಲಿ ನೀನು ನನ್ನ ಮೇಲೆ ಹತ್ತಿ ಎರಚ್ತಿದ್ದೆಯಲ್ಲ, ಹಂಗೇ, ಆದರೆ ಇಲ್ಲಿ ಎರಚೋರು ಕಾಣಲ್ಲ ಅಂತ." ಹೇಳಿ ನಕ್ಕರು. ಆ ನಗುವನ್ನು ಹೇಗೆ ಬರೆದುಕೊಳ್ಳುವುದೆಂದು ತಿಳಿಯದೆ ನಾನು ಹೆಸರು, ಊರು ಮಾತ್ರ ಬರೆದುಕೊಂಡೆ. ಮೂರನೆಯವರು ಕಂದಸ್ವಾಮಿ, ಅರವತ್ತೈದರ ಯುದ್ಧದಲ್ಲಿ ಹೋದವರು. ಅವರ ಕುಟುಂಬ ಈರೋಡಿಗೆ ಹೋಗಿ ನೆಲೆಸಿತ್ತು. ಕಾಗದ ಬರೆದೆವು, ಬರುತ್ತೇವೆ ಎಂದು ಉತ್ತರ ಬಂತು.

ಮಾರಪ್ಪನ ಮನೆಗೆ ಮಾತ್ರ ಸುಬೇದಾರರು ನನ್ನನ್ನು ಕರೆದುಕೊಂಡು ಹೋಗಲಿಲ್ಲ. "ತಮ್ಮ ಇದ್ದಾನೆ, ಚಿನ್ನಸ್ವಾಮಿ ಅಂತ. ಅವನನ್ನು ನಾನು ನೋಡಿಕೊಳ್ತೀನಿ. ನೀನು ಕಚೇರಿಗೆ ಕಾಗದ ಹಾಕು" ಅಂದರು.

ಆ ವರ್ಷ ದೀಪಾವಳಿಯ ಹೊತ್ತಿಗೆ ಹಿಂಗಾರು ಜೋರಾಗಿ ಹಿಡಿದುಕೊಂಡಿತು. ವ್ಯಾನಿನಿಂದ ಇಳಿದು ಮೊಣಕಾಲುದ್ದ ಕೆಸರಿನಲ್ಲಿ ನಡೆದು ಬರಬೇಕಾಗಿತ್ತು. ಅಂಥ ಒಂದು ಸಂಜೆ ಸುಬೇದಾರರು ಜಗಲಿಯಿಂದ ಕರೆದು ಕಂದು ಲಕೋಟೆಯೊಂದನ್ನು ಕೊಟ್ಟರು. ದಾಖಲೆ ಕಚೇರಿಯ ಉತ್ತರ. ನಾನು ಓದಿ ಹೇಳುತ್ತ ಹೋದೆ. ಸಿಪಾಯಿ ಮಾರಪ್ಪನ್, ನಂಬರು ಇಂಥದ್ದು, ಎಪ್ಪತ್ತೊಂದನೇ ಇಸವಿಯ ಯುದ್ಧದಲ್ಲಿ, ಪೂರ್ವದ ಗಡಿಯಲ್ಲಿ. ಕೊನೆಯ ಸಾಲಿನಲ್ಲಿ ಹತ್ತಿರದ ಸಂಬಂಧಿ: ಹೆಂಡತಿ, ನಂಜಮ್ಮಾಳ್, ಪುದೂರು.

"ಈ ನಂಜಮ್ಮಾಳ್ ಯಾರು ಸಾರ್? ಇದ್ದಾರಾ?"

ಸುಬೇದಾರರು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಕೆಳಗಿಟ್ಟರು. "ನೀನು ದಿನಾ ಯಾರ ಕೈಯ ಊಟ ಉಣ್ತೀಯೋ, ಅವರೇ ಅಮ್ಮಿಣಿ."

ಅವರು ಹೇಳಿದ್ದು ಇಷ್ಟು. ಮದುವೆಯಾದಾಗ ನಂಜಮ್ಮನಿಗೆ ಹದಿನೇಳು. ಗಂಡ ಮನೆಯಲ್ಲಿದ್ದದ್ದು ಎರಡು ರಜೆ ಮಾತ್ರ. ಅವನು ಸತ್ತಾಗ ಅವಳಿಗೆ ಹದಿನೆಂಟೋ ಹತ್ತೊಂಬತ್ತೋ. ಎರಡು ವರ್ಷ ಅತ್ತೆಯ ಮನೆಯಲ್ಲಿದ್ದು, ಆಮೇಲೆ ಅವಳ ಅಪ್ಪ ತಿಮ್ಮೇಗೌಡರಿಗೆ ಕೊಟ್ಟು ಮತ್ತೆ ಮದುವೆ ಮಾಡಿದ. ಅತ್ತೆ ಅದನ್ನು ಸಹಿಸಲಿಲ್ಲ. ಮಗ ಸತ್ತ ದುಃಖವೆಲ್ಲ ಸೊಸೆಯ ಮೇಲಿನ ಸಿಟ್ಟಾಯಿತು. ಆ ಮನೆಯ ಬಾಗಿಲು ಮುಚ್ಚಿದ್ದು ಮುಚ್ಚಿದ ಹಾಗೇ ಉಳಿಯಿತು. ಎರಡೂ ಮನೆಗಳ ನಡುವೆ ಐದು ನಿಮಿಷದ ದಾರಿ.

"ಬೇರೆ ಸಂಸಾರ ಮಾಡಿಕೊಂಡು ಇರೋ ಹೆಣ್ಣುಮಗಳನ್ನು ಹೋಗಿ ಏನಂತ ಕೇಳಲಿ? ಯುದ್ಧದಲ್ಲಿ ನಾನು ಇಷ್ಟು ಹೆದರಿರಲಿಲ್ಲ" ಅಂದರು ಸುಬೇದಾರರು.

ಮನೆಗೆ ಬಂದಾಗ ಕರೆಂಟು ಹೋಗಿತ್ತು. ಮಗ್ಗಗಳು ನಿಂತು, ಹೆಂಚಿನ ಮೇಲೆ ಮಳೆ ಬೀಳುವುದಷ್ಟೇ ಕೇಳುತ್ತಿತ್ತು. ನಂಜಮ್ಮನವರು ಪಕ್ಕದ ಮನೆಗೆ ಹೋಗಿದ್ದರು. ತಿಮ್ಮೇಗೌಡರು ಲಾಟೀನಿನ ಗಾಜು ಒರೆಸುತ್ತ ಕೂತಿದ್ದವರು ನನ್ನ ಕೈಯ ಲಕೋಟೆ ನೋಡಿದರು.

"ಮಾರಪ್ಪನ ಕಾಗದ ಬಂತಾ?"

ಹೌದೆಂದು ತಲೆಯಾಡಿಸಿದೆ.

"ಊರಲ್ಲಿ ಯಾರ್ ಏನ್ ಮಾಡ್ತಾರೆ ಅಂತ ತಿಳೀದೆ ಇರ್ತದಾ ಕಣ್ಣು. ಅವಳಿಗೂ ತಿಳಿದದೆ. ಕಾಯ್ತಾ ಇದ್ದಾಳೆ. ಕೇಳಕ್ಕೆ ಬಾಯಿ ಬರ್ತಾ ಇಲ್ಲ." ಅವರು ಲಾಟೀನು ಹಚ್ಚಿ, ಅಡಿಗೆಮನೆಯ ಅಟ್ಟ ತೋರಿಸಿದರು. ಅಲ್ಲೊಂದು ಕಪ್ಪು ಕಬ್ಬಿಣದ ಟ್ರಂಕು. "ಅದು ಅವನ್ದು. ನಮ್ಮ ಮದ್ವೆಗೆ ಬಂದಾಗ ಅವಳು ತಂದಿದ್ದು ಅದೊಂದೇ. ವರ್ಷಕ್ಕೊಂದ್ಸಲ ನಾನು ಇಳಿಸಿ ತುಕ್ಕು ಹಿಡೀದಂಗೆ ಎಣ್ಣೆ ಹಚ್ಚಿ ಇಡ್ತೀನಿ. ಒಳಗೆ ಮೂರು ಕಾಗದ ಅವೆ. ಓದೋರು ಸಿಗ್ಲಿಲ್ಲ."

ಯಾಕೆ ಸಿಗಲಿಲ್ಲ ಎಂದು ಕೇಳುವ ಮೊದಲೇ ನಂಜಮ್ಮನವರು ಬಾಗಿಲಲ್ಲಿ ನಿಂತಿದ್ದರು. ಮಳೆಗೆ ತಲೆಯ ಮೇಲೆ ಹಾಕಿಕೊಂಡಿದ್ದ ಗೋಣಿ ತೆಗೆದು ಗೋಡೆಗೆ ಒರಗಿಸಿ, ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು.

"ಭಾನುವಾರ ಕೆಲಸ ಅದೆಯಾ ಕಣ್ಣು ನಿಂಗೆ?" ಅಂದರು.

"ಇಲ್ಲಮ್ಮ."

"ಹಂಗಾರೆ ಭಾನುವಾರ."

ಆ ಭಾನುವಾರ ಮಳೆ ಬಿಟ್ಟಿತ್ತು. ಕಾಫಿ ಕುಡಿದಾದ ಮೇಲೆ ತಿಮ್ಮೇಗೌಡರು ಟ್ರಂಕನ್ನು ಇಳಿಸಿ ನಡುಮನೆಯಲ್ಲಿ ಇಟ್ಟರು. ಭಾನುವಾರ ಮಗ್ಗಗಳಿಗೆ ರಜೆ. ಆದರೂ ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಶೆಡ್ಡಿನ ಕಡೆ ಹೊರಟರು.

"ಎಲ್ಲಿಗೆ?" ಅಂದರು ನಂಜಮ್ಮ.

"ತರಿ ಓಡಿಸ್ತೀನಿ. ಅದು ಓಡ್ತಿದ್ರೆ ಅಲ್ಲಿಗೆ ಏನೂ ಕೇಳ್ಸಲ್ಲ. ನೀವು ಓದ್ಕಳಿ."

ತರಿ ಎಂದರೆ ಮಗ್ಗ. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಎಂಟು ಮಗ್ಗಗಳೂ ಶುರುವಾದವು. ಒಬ್ಬರೇ ಎಂಟು ಮಗ್ಗ ನೋಡಿಕೊಳ್ಳುವುದು ಸುಲಭವಲ್ಲ. ಒಂದರ ನೂಲು ಹರಿದರೆ ಇನ್ನೊಂದರ ಲಾಳಿ ಖಾಲಿಯಾಗುತ್ತದೆ. ಆ ಮನುಷ್ಯ ತನ್ನ ಹೆಂಡತಿಗೆ ಬಂದ ಕಾಗದ ತನ್ನ ಕಿವಿಗೆ ಬೀಳಬಾರದೆಂದು ಅಲ್ಲಿ ಒಂದರಿಂದ ಇನ್ನೊಂದಕ್ಕೆ ಓಡಾಡುತ್ತಿದ್ದರು.

ನಂಜಮ್ಮನವರು ಟ್ರಂಕು ತೆಗೆದರು. ಮಡಚಿದ ಒಂದು ಉಣ್ಣೆಯ ಅಂಗಿ, ಒಂದು ಸಣ್ಣ ಕನ್ನಡಿ, ಅದರ ಕೆಳಗೆ ಮೂರು ಕಾಗದ. ಆಗ ಹೇಳಿದರು. ಮಾರಪ್ಪನ ಮನೆಯಲ್ಲೂ ಮಾತು ಕನ್ನಡ, ಓದು ಬರಹ ತಮಿಳು. ಅವನು ಕಾಗದ ಬರೆಯುತ್ತಿದ್ದುದು ತಮಿಳಿನಲ್ಲಿ. ಅಂಚೆಯವನು ಅಂಗಳದಲ್ಲಿ ನಿಂತು ಮನೆಯವರಿಗೆಲ್ಲ ಕೇಳುವಂತೆ ಓದುತ್ತಿದ್ದ. ಹೊಸ ಹೆಂಡತಿಗೆ ಗುಟ್ಟಿನ ಮಾತು ಬರೆಯುವಂತಿಲ್ಲ. ಮಾರಪ್ಪನ ತುಕಡಿಯಲ್ಲಿ ಹಾಸನದ ಕಡೆಯ ಒಬ್ಬ ಸಿಪಾಯಿ ಇದ್ದ. ಅವನಿಂದ ಕನ್ನಡ ಅಕ್ಷರ ಕಲಿತು, ಕಾಗದದ ಕೆಳಗೆ ಮೂರು ನಾಲ್ಕು ಸಾಲು ಕನ್ನಡದಲ್ಲಿ ಬರೆಯತೊಡಗಿದ.

"ಅಂಚೆಯೋನು ಅಲ್ಲಿಗೆ ಬಂದು ನಿಲ್ಸೋನು. ಇದೇನೋ ಜಿಲೇಬಿ ಸುತ್ತಿಟ್ಟವ್ನೆ, ನಂಗೆ ತಿಳಿಯಲ್ಲ ಅನ್ನೋನು. ಮೊದಲ್ನೇ ಕಾಗದದ್ದು ರಜಾಗೆ ಬಂದಾಗ ಅವ್ರೇ ಬಾವಿ ಹತ್ರ ಕುಂತು ಓದಿ ಹೇಳಿದ್ರು. ಇದು ನಿಂಗೆ ಮಾತ್ರ, ಬೇರೆಯೋರ ಹತ್ರ ಓದಿಸ್ಬೇಡ, ನಾನೇ ಬಂದು ಓದ್ತೀನಿ ಅಂದ್ರು. ಆಮೇಲೆ ಮೂರು ಬಂತು. ಅವ್ರು ಬರ್ಲಿಲ್ಲ."

ನಾನು ಆ ಮೂರರಲ್ಲಿ ಮೊದಲನೆಯದನ್ನು ಬಿಡಿಸಿದೆ. ಕಾಗದ ಹಳದಿಯಾಗಿ ಮಡಿಕೆಯ ಗೆರೆಯಲ್ಲಿ ಸವೆದಿತ್ತು. ಕೆಳಗೆ ದಪ್ಪ ದಪ್ಪ ಅಕ್ಷರ, ಒಂದನೇ ತರಗತಿಯ ಮಗು ಬರೆದ ಹಾಗೆ. ಒತ್ತಕ್ಷರಗಳೆಲ್ಲ ತಪ್ಪು. ನಿಧಾನವಾಗಿ ಓದಿದೆ.

"ನಂಜಿ, ಇಲ್ಲಿ ಬರೀ ರೊಟ್ಟಿ. ನಿನ್ನ ಕೈ ಮುದ್ದೆ ತಿನ್ನಬೇಕು. ಬಾವಿ ಮೆಟ್ಟಿಲು ಜಾರುತ್ತದೆ, ನೀನು ಒಬ್ಬಳೇ ಇಳಿಯಬೇಡ."

ನಂಜಮ್ಮನವರು ಕದಲದೆ ಕೇಳಿದರು. ಎರಡನೆಯದು.

"ಅವ್ವನ ಬಾಯಿಗೆ ಹೆದರಬೇಡ. ಬಾಯಿ ಕೆಟ್ಟದ್ದು, ಕೈ ಒಳ್ಳೇದು. ಚಿನ್ನ ಓದೋಕೆ ಪಳ್ಳಿಗೆ ಹೋಗುತ್ತಾನಾ? ಅವನಿಗೆ ಹಿತ್ತಾಳೆ ಬಿಲ್ಲೆಯ ಬೆಲ್ಟು ತರುತ್ತೇನೆ ಅಂತ ಹೇಳು. ಹೊಡೆಯಬೇಡ ಅವನನ್ನು."

ಮೂರನೆಯದು ಎಲ್ಲಕ್ಕಿಂತ ಸಣ್ಣದು. "ಹಾಸನದವನು ನನ್ನ ಅಕ್ಷರ ನೋಡಿ ನಗುತ್ತಾನೆ. ನಗಲಿ. ಈ ಸಲ ಬಂದಾಗ ನಿನಗೂ ಕಲಿಸುತ್ತೇನೆ. ಆಮೇಲೆ ನೀನೇ ಬರಿ, ನಾನು ನಗುತ್ತೇನೆ."

"ಇಷ್ಟೇನಾ?" ಅಂದರು ನಂಜಮ್ಮ.

"ಇಷ್ಟೇ ಅಮ್ಮ."

ಅವರು ಬಾಯಿಗೆ ಸೆರಗು ಹಿಡಿದುಕೊಂಡರು. ಅಳುತ್ತಾರೆ ಅಂದುಕೊಂಡೆ. ಸೆರಗಿನ ಒಳಗಿಂದ ಬಂದದ್ದು ನಗು. ನಕ್ಕು ನಕ್ಕು, ಆಮೇಲೆ ಕಣ್ಣೊರೆಸಿಕೊಂಡರು.

"ಏನೇನೋ ಇರ್ತದೆ ಅನ್ಕಂಡಿದ್ದೆ ಕಣ್ಣು. ಏನಾದ್ರೂ ಮಾಡು ಅಂತ ಕೇಳಿದ್ರೇನೋ, ನಾನು ಮಾಡ್ದೆ ಬಿಟ್ನೇನೋ. ಕಾದಿರು ಅಂತ ಬರ್ದಿದ್ರೆ? ನಾನು ಕಾಯ್ಲಿಲ್ವಲ್ಲ. ಆ ಭಯಕ್ಕೇ ಯಾರ ಹತ್ರಾನೂ ಓದಿಸ್ಲಿಲ್ಲ. ನೀನು ಬಂದ ಮೊದಲ್ನೇ ವಾರದಿಂದ ನಿನ್ನ ಪುಸ್ತಕ ನೋಡ್ತಾ ಇದ್ದೆ. ಕೇಳಕ್ಕೆ ಇಷ್ಟು ದಿನ ಬೇಕಾಯ್ತು. ಮುದ್ದೆ ಕೇಳಿರೋದು ನೋಡು, ಮುದ್ದೆ."

ಎದ್ದು ಶೆಡ್ಡಿನ ಬಾಗಿಲಿಗೆ ಹೋಗಿ ಗಂಡನಿಗೆ ಕಾಣುವ ಹಾಗೆ ನಿಂತು ಎರಡು ಬೆರಳು ಎತ್ತಿದರು. ಮಗ್ಗಗಳು ಒಂದೊಂದಾಗಿ ನಿಂತವು. ತಿಮ್ಮೇಗೌಡರು ಬೆವರು ಒರೆಸಿಕೊಳ್ಳುತ್ತ ಬಂದು ಕಾಫಿಗೆ ಕೂತರು. ನಂಜಮ್ಮನವರೇ ಲೋಟ ಕೊಡುತ್ತ, "ಮುದ್ದೆ ಬೇಕಂತೆ, ಬಾವೀಲಿ ಜಾರ್ಬೇಡ ಅಂತೆ" ಅಂದರು. "ಸರಿಯಾದ್ದೇ ಹೇಳವ್ರೆ" ಅಂದರು ಗೌಡರು.

ಆ ಸಂತೋಷದಲ್ಲಿ ನಾನೊಂದು ಮಾತು ಆಡಿದೆ. ಕಲ್ಲಿನ ಮೇಲೆ ಮಾರಪ್ಪನವರ ಹೆಸರನ್ನು ತಮಿಳಿನ ಜೊತೆ ಕನ್ನಡದಲ್ಲೂ ಕೆತ್ತಿಸೋಣ, ನಾನು ಬರೆದುಕೊಡುತ್ತೇನೆ ಎಂದು. ನಂಜಮ್ಮನವರು ತಕ್ಷಣ ತಲೆ ಅಲ್ಲಾಡಿಸಿದರು.

"ಬೇಡ. ಕಲ್ಲು ಊರೋರ್ದು, ತಮಿಳ್ನಲ್ಲೇ ಇರ್ಲಿ. ಕನ್ನಡ ನಂಗೆ ಬರ್ದಿದ್ದು."

ಕಾರ್ತಿಕದಲ್ಲಿ ಸುಬೇದಾರರ ಜಗಲಿಯಲ್ಲಿ ಸಭೆ ಸೇರಿದೆವು. ಪ್ರತಿ ಹೆಸರಿಗೂ ಆಯಾ ಮನೆಯವರು ಹೂಮಾಲೆ ಇಡಬೇಕೆಂದು ತೀರ್ಮಾನವಾಗಿತ್ತು. ಮಾರಪ್ಪನ ತಮ್ಮ ಚಿನ್ನಸ್ವಾಮಿ ಬಂದಿದ್ದರು. ನಲವತ್ತೈದರ ಆಸುಪಾಸು, ಕೈತುಂಬ ಹಸುವಿನ ಮೇವಿನ ಗೀರು. ಸುಬೇದಾರರು ಧೈರ್ಯ ತಂದುಕೊಂಡು ನಂಜಮ್ಮನವರೂ ಬರುತ್ತಾರೆ ಅಂದರು.

"ಬರೋದಾದ್ರೆ ನಾನು ಬರಲ್ಲ" ಅಂದರು ಚಿನ್ನಸ್ವಾಮಿ. "ಬೇರೆ ಮನೆ ಸೇರಿದೋರು ನಮ್ಮಣ್ಣನಿಗೆ ಮಾಲೆ ಹಾಕೋದು ಯಾವ ನ್ಯಾಯ? ನಮ್ಮವ್ವ ಕಣ್ಮುಚ್ಚೋವರ್ಗೂ ಆ ಹೆಸ್ರು ಎತ್ತಲಿಲ್ಲ. ನಾನು ಎತ್ತಿದ್ರೆ ಅವ್ವನಿಗೆ ಏನು ಹೇಳ್ಲಿ?"

ನಾನು ಮನೆಗೆ ಬಂದು ಅದನ್ನು ಮುಚ್ಚಿಡಲು ನೋಡಿದೆ, ಆಗಲಿಲ್ಲ. ನಂಜಮ್ಮನವರು ಕೇಳಿಸಿಕೊಂಡು, "ಅವನು ಹೇಳೋದ್ರಲ್ಲಿ ತಪ್ಪೇನು? ನಾನು ಮನೇಲಿದ್ದೇ ಕೈಮುಗೀತೀನಿ" ಅಂದು ಒಲೆಯ ಕಡೆ ತಿರುಗಿದರು. ತಿಮ್ಮೇಗೌಡರು ಮಾತ್ರ ಎದ್ದು ನಿಂತರು. ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡರು.

"ನೀವು ಹೋಗಿ ಏನ್ ಮಾಡ್ತೀರಿ? ನಿಮ್ಮನ್ನ ಕಂಡ್ರೆ ಇನ್ನೂ ಸಿಟ್ಟು ಬರ್ತದೆ ಅವನಿಗೆ."

"ಬರ್ಲಿ. ಆ ಮನುಷ್ಯ ಅಲ್ಲಿ ಹೋಗಿ ಬಿದ್ದಿದ್ಕೆ ನಂಗೆ ಈ ಮನೆ, ಈ ಸಂಸಾರ ಆಯ್ತು. ಅವನ ಮನೆಗೆ ಹೋಗಿ ಕರ್ಯೋದು ನನ್ನ ಕೆಲಸ. ಮೂವತ್ತು ವರ್ಷ ತಡ ಮಾಡಿದೀನಿ." ಆ ಮನೆಯಲ್ಲಿದ್ದ ಅಷ್ಟೂ ದಿನ ಅವರು ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ.

ನಂಜಮ್ಮನವರು ಒಳಗೆ ಹೋಗಿ ಎರಡನೆಯ ಕಾಗದ ತಂದು ನನ್ನ ಕೈಗೆ ಕೊಟ್ಟರು. "ನೀನೂ ಹೋಗು ಕಣ್ಣು. ಇದ್ರಲ್ಲಿ ಅವನ ಹೆಸ್ರದೆ, ಅವನವ್ವನ ಮಾತದೆ. ಇದನ್ನ ಅವನು ಕೇಳ್ಬೋದು."

ಕಾಗದ ನೆನೆಯಬಾರದೆಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗವುಚಿಕೊಂಡು ನಡೆದೆ. ತುಂತುರು ಹನಿಯುತ್ತಿತ್ತು. ಚಿನ್ನಸ್ವಾಮಿ ಕೊಟ್ಟಿಗೆಯಲ್ಲಿ ಜೋಳದ ದಂಟು ಕತ್ತರಿಸುತ್ತಿದ್ದರು. ನಮ್ಮನ್ನು ನೋಡಿ ಕೂತ ಜಾಗದಿಂದ ಏಳಲಿಲ್ಲ. ತಿಮ್ಮೇಗೌಡರು ಹೊರಗೇ, ಸೂರಿನ ನೀರು ಬೀಳುವಲ್ಲಿ ನಿಂತರು.

"ಒಳಗೆ ಕೂರು ಅಂತ ನೀನು ಹೇಳ್ಬೇಕಾಗಿಲ್ಲ ಚಿನ್ನಸ್ವಾಮಿ. ಒಂದು ಕಾಗದ ಅದೆ, ನಿಮ್ಮಣ್ಣ ಬರ್ದದ್ದು. ಈ ಹುಡುಗಿ ಓದ್ತಾಳೆ. ಕೇಳು. ಆಮೇಲೆ ನಾವು ಹೋಗ್ತೀವಿ."

ನಾನು ಓದಿದೆ. ಅವ್ವನ ಬಾಯಿ ಕೆಟ್ಟದ್ದು ಎಂಬಲ್ಲಿಗೆ ಬಂದಾಗ ಚಿನ್ನಸ್ವಾಮಿಯವರ ಕುಡುಗೋಲು ನಿಂತಿತು. ಬೆಲ್ಟಿನ ಮಾತು ಬಂದಾಗ ಅವರು ಎದ್ದು ಬಂದು ಕಾಗದವನ್ನು ನೋಡಿದರು. ಅವರಿಗೆ ಆ ಅಕ್ಷರ ಬರುವುದಿಲ್ಲ. ಆದರೂ ಬೆರಳಿಟ್ಟು ಕೇಳಿದರು, "ನನ್ನ ಹೆಸ್ರು ಎಲ್ಲಿ ಅದೆ?"

ತೋರಿಸಿದೆ. ಅವರು ಅದನ್ನೇ ತುಂಬ ಹೊತ್ತು ನೋಡಿದರು.

"ನಾನೇ ಅಣ್ಣನ್ನ ಕೇಳಿದ್ದೆ, ಬೆಲ್ಟು ತಂದ್ಕೊಡು ಅಂತ" ಅಂದರು. "ಮರೆತೇಬಿಟ್ಟ ಅನ್ಕಂಡಿದ್ದೆ. ಸತ್ತ ಸುದ್ದಿ ಬಂದಾಗ ನಂಗೆ ಹನ್ನೆರಡು. ಎಲ್ರೂ ಅಳ್ತಾ ಇದ್ರೆ ನಾನು ಬೆಲ್ಟು ಬರ್ಲಿಲ್ಲ ಅಂತ ಅತ್ತೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ ಅದನ್ನ." ಆಮೇಲೆ ತಿಮ್ಮೇಗೌಡರ ಕಡೆ ತಿರುಗಿದರು. "ಆಕೆ ಇದನ್ನ ಆಗ್ಲೇ ಯಾಕೆ ಹೇಳ್ಲಿಲ್ಲ?"

"ಅವಳಿಗೂ ಹೋದ ತಿಂಗಳೇ ತಿಳಿದದ್ದು."

ಚಿನ್ನಸ್ವಾಮಿ ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. "ಅಲ್ಲಿ ನೀರು ಬೀಳ್ತದೆ, ಈ ಕಡೆ ನಿಂತ್ಕಳಿ" ಅಂದರು. ಹಾಲು ಕಾಯಿಸಿ ತರಲು ಒಳಗೆ ಕೂಗಿ ಹೇಳಿದರು. ನಾವು ಕೊಟ್ಟಿಗೆಯ ಸೂರಿನಡಿ ನಿಂತೇ ಹಾಲು ಕುಡಿದು ಬಂದೆವು.

ಕಲ್ಲು ಸಿದ್ಧವಾದದ್ದು ತಿರುಮುರುಗನ್‌ಪೂಂಡಿಯಲ್ಲಿ. ರಸ್ತೆಯ ಎರಡೂ ಕಡೆ ಶಿಲ್ಪಿಗಳು ಕೂತು ನಂದಿಯನ್ನೋ ಗಣಪತಿಯನ್ನೋ ಕೆತ್ತುವ ಆ ಊರಿನಲ್ಲಿ ನಮ್ಮ ಕಲ್ಲು ಬರೀ ಒಂದು ಚಪ್ಪಡಿ. ಸುಬೇದಾರರು ಕೆತ್ತುವವನ ಪಕ್ಕ ನಿಂತು ಒಂದೊಂದು ಅಕ್ಷರ ಬಂದಂತೆ ಕಾಗದದ ಜೊತೆ ಹೋಲಿಸಿ ನೋಡಿದರು. ರಾಮಸ್ವಾಮಿಯವರ ವಿಷಯದಲ್ಲಿ ಕಚೇರಿಯಿಂದ ಉತ್ತರ ಬರಲೇ ಇಲ್ಲ. ಅವರ ಹೆಸರಿನ ಮುಂದೆ ನಂಬರು ಇರಬೇಕಾದ ಜಾಗ ಖಾಲಿ ಬಿಟ್ಟೆವು.

ಗಣರಾಜ್ಯೋತ್ಸವದ ಬೆಳಿಗ್ಗೆ ಇಬ್ಬನಿ ಬಿದ್ದಿತ್ತು. ಶಾಲೆಯ ಮಕ್ಕಳು, ಊರಿನವರು, ಈರೋಡ್ ಬಸ್ಸಿನಿಂದ ಇಳಿದ ಕಂದಸ್ವಾಮಿಯವರ ಮನೆಯವರು. ಸುಬೇದಾರರು ಪದಕಗಳನ್ನೆಲ್ಲ ಹಾಕಿಕೊಂಡು ಒಂದೊಂದೇ ಹೆಸರು ಕರೆದರು. ಟೀ ಅಂಗಡಿಯವನು ಕೈ ಒರೆಸಿಕೊಂಡು ಬಂದು ಮಾಲೆ ಇಟ್ಟ. ಅಂತೋಣಿಯವರ ತಂಗಿ ತಾವೇ ಕಟ್ಟಿದ ಮಲ್ಲಿಗೆಯನ್ನು ಅಂಗಡಿಯ ಮಾಲೆಯ ಮೇಲಿಟ್ಟರು. ಈರೋಡಿನವರದೂ ಆಯಿತು.

"ಸಿಪಾಯಿ ಮಾರಪ್ಪನ್. ಮನೆಯವರು ಬನ್ನಿ."

ನಂಜಮ್ಮನವರು ಹೆಂಗಸರ ಸಾಲಿನ ಕೊನೆಯಲ್ಲಿ ನಿಂತಿದ್ದರು. ಬರುವುದಿಲ್ಲ ಅಂದಿದ್ದವರನ್ನು ತಿಮ್ಮೇಗೌಡರು ಒತ್ತಾಯ ಮಾಡಿ ಕರೆತಂದಿದ್ದರು. ಅವರು ಕದಲಲಿಲ್ಲ. ಗಂಡಸರ ಸಾಲಿನಿಂದ ಚಿನ್ನಸ್ವಾಮಿ ಮುಂದೆ ಬಂದು, ಮಾಲೆ ತೆಗೆದುಕೊಂಡು, ಕಲ್ಲಿನ ಕಡೆ ಹೋಗದೆ ಹೆಂಗಸರ ಕಡೆ ನಡೆದರು. ನಂಜಮ್ಮನವರ ಮುಂದೆ ನಿಂತರು.

"ಬನ್ನಿ ಅತ್ತಿಗೆ" ಅಂದರು.

ಅವರು ಚಪ್ಪಲಿ ಬಿಟ್ಟು ಹೊರಟರು. ಮಾಲೆಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ಚಿನ್ನಸ್ವಾಮಿಯವರ ಕೈಯಲ್ಲಿ. ಸುಬೇದಾರರು ಸೆಲ್ಯೂಟ್ ಮಾಡಿದ ಕೈಯನ್ನು ಬೇಗ ಇಳಿಸಲಿಲ್ಲ. ತಿಮ್ಮೇಗೌಡರು ಜನರ ಕಾಲಿಗೆ ಸಿಕ್ಕದಂತೆ ಹೆಂಡತಿಯ ಚಪ್ಪಲಿಗಳನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

ಆ ಮಧ್ಯಾಹ್ನ ಚಿನ್ನಸ್ವಾಮಿ ಊಟಕ್ಕೆ ಬಂದರು. ಆ ಮನೆಯ ಹೊಸ್ತಿಲು ಅವರು ದಾಟಿದ್ದು ಅದೇ ಮೊದಲು. ತಿಮ್ಮೇಗೌಡರೂ ಅವರೂ ಪಕ್ಕಪಕ್ಕ ಎಲೆಯ ಮುಂದೆ ಕೂತರು, ಎದುರಿಗೆ ನಾನು. ಮುದ್ದೆ, ಅವರೆಕಾಳಿನ ಸಾರು. ನಂಜಮ್ಮನವರು ಇನ್ನೊಂದು ಮುದ್ದೆ ತಂದಾಗ ಚಿನ್ನಸ್ವಾಮಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, "ಬೇಡ ಅತ್ತಿಗೆ, ಬೇಡ, ಸಾಕು" ಅಂದರು.

"ನಿಮ್ಮಣ್ಣನೂ ಹಿಂಗೇ" ಅಂದರು ನಂಜಮ್ಮ, ಬಗ್ಗಿ ನಿಂತಲ್ಲಿಂದಲೇ. "ಬೇಡ ಬೇಡ ಅಂತಾನೇ ಮೂರು ಸಲ ಹಾಕಿಸ್ಕೊಳ್ಳೋರು."

ಆ ಮನೆಯೊಳಗೆ ಮಾರಪ್ಪನ ಮಾತನ್ನು ಅವರು ಹಾಗೆ, ಅನ್ನ ಸಾರಿನ ಮಾತಿನಷ್ಟು ಸಲೀಸಾಗಿ ಆಡಿದ್ದು ಅದೇ ಮೊದಲಿರಬೇಕು. ಆಡಿದ ಮೇಲೆ ಅವರಿಗೇ ಗೊತ್ತಾಗಿ ಗಂಡನ ಕಡೆ ನೋಡಿದರು. ತಿಮ್ಮೇಗೌಡರು ತಮ್ಮ ಎಲೆಯನ್ನು ಮುಂದಕ್ಕೆ ಸರಿಸಿದರು.

"ಅವನು ಬೇಡ ಅಂದ್ರೆ ಇತ್ತ ಹಾಕು" ಅಂದರು. "ನಂಗೆ ಒಂದೇ ಸಲ ಕೇಳಿದ್ರೆ ಸಾಕು."

ಮೊದಲು ನಕ್ಕವರು ಚಿನ್ನಸ್ವಾಮಿ.